ಸಿಸ್ಟರನ್ನು ರಿಲೀವ್ ಮಾಡಿದ ಕಾಗದ

ಒಂದು ನಿಮಿಷ ತಡೆಯಿರಿ. ಬೇರೆ ಕಡೆ ಹೋಗುವ ಮೊದಲು ಇದೊಂದನ್ನು ಓದಿಬಿಡಿ. ಎಷ್ಟೋ ದಿನದಿಂದ ಬರೆಯಬೇಕು ಬರೆಯಬೇಕು ಅಂತ ಇಟ್ಟುಕೊಂಡಿದ್ದು, ಇವತ್ತು ಕೂತಿದ್ದೇನೆ.

ಮೊನ್ನೆ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಿ ಬ್ಲಾಕಿನ ಮೆಡಿಕಲ್ ಶಾಪಿನಲ್ಲಿ ಅಂಗಡಿಯವರ ಕೈ ಜಾರಿ ಟಿಂಕ್ಚರ್ ಬೆಂಜಾಯಿನ್ ಬಾಟಲಿ ಒಡೆಯಿತು. ನೆಗಡಿಯಾದಾಗ ಬಿಸಿನೀರಿಗೆ ನಾಲ್ಕು ಹನಿ ಹಾಕಿ ಹಬೆ ತೆಗೆದುಕೊಳ್ಳುತ್ತೇವಲ್ಲ, ಅದೇ ಕಂದು ಬಣ್ಣದ ಔಷಧಿ. ಅದರ ವಾಸನೆ ಅರ್ಧ ಆಸ್ಪತ್ರೆಯದು, ಅರ್ಧ ಲೋಬಾನದ್ದು. ಗಿರಾಕಿಗಳು ಚಪ್ಪಲಿ ಎತ್ತಿಕೊಂಡು ಹಿಂದೆ ಸರಿದರು. ನಾನು ಅಲ್ಲೇ ನಿಂತಿದ್ದೆ. ಹರಿಹರದ ಒಂದು ಸಣ್ಣ ದವಾಖಾನೆ, ಅಲ್ಲಿನ ಕಾಂಪೌಂಡರು, ಸ್ಪ್ಯಾನಿಷ್ ಭಾಷೆಯ ಒಂದು ಕ್ರಿಯಾಪದ... ಮೂರೂ ಒಟ್ಟಿಗೆ ನೆನಪಾದವು.

ದಾವಣಗೆರೆಯಲ್ಲಿ ಸ್ಪ್ಯಾನಿಷ್ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ರದ್ದಿ ಅಂಗಡಿಯಿಂದ ಬಂತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಹಳೆ ಪುಸ್ತಕ ಕೆದಕುವುದು ಒಂದು ಚಟ. ಒಂದು ದಿನ ಸ್ಪ್ಯಾನಿಷನ್ನು ಮನೆಯಲ್ಲೇ ಕಲಿಯುವ ಪುಸ್ತಕ, ಅದರ ಜೊತೆಗೆ ರಟ್ಟು ಕಿತ್ತುಹೋದ ಒಂದು ಡಿಕ್ಷನರಿ, ಎರಡನ್ನೂ ಒಂದೇ ಸುತಳಿಯಲ್ಲಿ ಕಟ್ಟಿ ಇಟ್ಟಿದ್ದು ಸಿಕ್ಕಿತು. ಫ್ರೆಂಚ್ ಸಿಕ್ಕಿದ್ದರೆ ಫ್ರೆಂಚ್ ಕಲಿಯುತ್ತಿದ್ದೆ, ಅಷ್ಟೇ ವ್ಯತ್ಯಾಸ. ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಾ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಾ ಗಟ್ಟಿಯಾಗಿ ಓದಿದೆ. ಉಚ್ಚಾರಣೆ ಸರಿಯೋ ತಪ್ಪೋ ಹೇಳುವವರು ನನ್ನ ಸುತ್ತ ಯಾರೂ ಇರಲಿಲ್ಲ. ಅದೇ ನನ್ನ ಧೈರ್ಯ.

“ಅಜ್ಜಿಗೆ ಕನ್ನಡದಾಗೆ ನಾಕು ಸಾಲು ಬರಿ ಅಂದ್ರೆ ಟೈಮಿಲ್ಲ. ಇದ್ಯಾವ ದೇಶದ ಮಂತ್ರ ಬಾಯಿಪಾಠ ಮಾಡ್ತಾಳೋ,” ಅಂತ ಅಮ್ಮ ಒಗ್ಗರಣೆ ಹಾಕುತ್ತಲೇ ಹೇಳುತ್ತಿದ್ದಳು.

ಆರು ತಿಂಗಳಾಗುವ ಹೊತ್ತಿಗೆ ನನಗೆ ಎಲ್ಲ ಬಂದುಬಿಟ್ಟಿದೆ ಅನ್ನಿಸಿತು. ಎ ಬ್ಲಾಕಿನ ಎಸ್‌ಟಿಡಿ-ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಚೀಟಿ ಅಂಟಿಸಿ ಬಂದೆ: ‘ಇಲ್ಲಿ ವಿಚಾರಿಸಿ. ಸ್ಪ್ಯಾನಿಷ್ ಭಾಷಾಂತರ ಮಾಡಿಕೊಡಲಾಗುವುದು.’ ಮನೆ ಬಾಡಿಗೆಗಿದೆ ಅನ್ನುವ ಚೀಟಿಗೂ ಟೈಪಿಂಗ್ ಕ್ಲಾಸಿನ ಚೀಟಿಗೂ ನಡುವೆ ಅದು ಬಿಸಿಲಿಗೆ ಹಳದಿಯಾಗುತ್ತಾ ಕೂತಿತು. ನಾನು ಆ ಕಡೆ ಹೋದಾಗಲೆಲ್ಲ ಅಂಗಡಿಯವರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

“ಏನ್ ತಂಗಿ, ನಿಮ್ಮ ಸ್ಪೇನ್ ಪಾರ್ಟಿ ಇನ್ನೂ ಬಸ್ಸೇ ಹತ್ತಿಲ್ಲ ಕಾಣ್ತೈತೆ.”

ಎಷ್ಟೋ ತಿಂಗಳ ಮೇಲೆ ಒಂದು ಶನಿವಾರ ಅವರೇ ಕೂಗಿ ಕರೆದರು. “ಬರ್ರಿ, ಬರ್ರಿ. ಪಾರ್ಟಿ ಬಂದೈತೆ. ಸ್ಪೇನಿಂದಲ್ಲ, ಹರಿಹರದಿಂದ.”

ಬೆಂಚಿನ ತುದಿಯಲ್ಲಿ ಅರವತ್ತರ ಹತ್ತಿರದ ಒಬ್ಬರು ಕೂತಿದ್ದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಣೆಯಲ್ಲಿ ವಿಭೂತಿ. ಜೇಬಿನಲ್ಲಿ ಎರಡು ಪೆನ್ನು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ವಿಮಾನದ ಅಂಚೆಯ ಕೆಂಪು-ನೀಲಿ ಪಟ್ಟಿಯ ಲಕೋಟೆ. ಅವರ ಬಟ್ಟೆಯಿಂದಲೇ ಆ ವಾಸನೆ ಬರುತ್ತಿತ್ತು, ಬೆಂಜಾಯಿನ್‌ದು.

“ನೀವೇನವ್ವ ಸ್ಪ್ಯಾನಿಷ್ ಬಲ್ಲೋರು?”

“ಹೂಂ ರೀ.”

“ಎಲ್ಲಿ ಕಲ್ತಿದ್ದು?”

“ಮನೆಯಾಗೇ ರೀ. ಪುಸ್ತಕ ನೋಡಿ.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಸರಿ. ನಾನೂ ಇಂಜೆಕ್ಷನ್ ಮಾಡೋದು ಹಂಗೇ ಕಲ್ತಿದ್ದು. ಒಂದು ತಿಂಗಳು ಬದ್ನೆಕಾಯಿಗೆ ಚುಚ್ಚಿದ್ದೆ,” ಅಂದರು.

ಅವರು ಹರಿಹರದಲ್ಲಿ ಹೊಳೆಯ ಕಡೆ ಹೋಗುವ ರಸ್ತೆಯ ಒಂದು ದವಾಖಾನೆಯ ಕಾಂಪೌಂಡರು. ಹೆಂಚಿನ ಎರಡು ಕೋಣೆಯ ದವಾಖಾನೆ. ಅದನ್ನು ನಡೆಸಿದವರು ಸ್ಪೇನಿನಿಂದ ಬಂದ ಒಬ್ಬ ಸಿಸ್ಟರ್. ಪ್ರಾಯದಲ್ಲಿ ಬಂದವರು, ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ ಇದ್ದರು. ಬಾಣಂತಿಯರು, ಹೊಳೆದಂಡೆಯಲ್ಲಿ ಗಾಜು ಚುಚ್ಚಿಸಿಕೊಂಡವರು, ಕೆಮ್ಮಿನ ಮುದುಕರು, ಎಲ್ಲರಿಗೂ ಅವರು ‘ಅಮ್ಮಾರು’. ಈ ಕಾಂಪೌಂಡರು ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದರು. ನಾಲ್ಕು ವರ್ಷದ ಹಿಂದೆ ಸಿಸ್ಟರ್ ಕಣ್ಣಿನ ಆಪರೇಷನ್ನಿಗೆ ಅಂತ ಮೂರು ತಿಂಗಳ ರಜೆ ಹಾಕಿ ತಮ್ಮ ದೇಶಕ್ಕೆ ಹೋದವರು ವಾಪಸ್ ಬರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು, ಅಲ್ಲಿಯವರು ಕಳಿಸಲಿಲ್ಲ. ದವಾಖಾನೆ ಮಾತ್ರ ನಡೆಯುತ್ತಲೇ ಇತ್ತು. ವಾರಕ್ಕೆರಡು ಸಲ ಒಬ್ಬ ಡಾಕ್ಟರು, ಉಳಿದ ದಿನ ಕಾಂಪೌಂಡರು ಮತ್ತು ಒಬ್ಬ ಆಯಾ.

ಲಕೋಟೆಯಲ್ಲಿದ್ದ ಕಾಗದ ಇಂಗ್ಲಿಷಿನಲ್ಲಿತ್ತು. ವಯಸ್ಸಾದ ಸಿಸ್ಟರುಗಳನ್ನು ನೋಡಿಕೊಳ್ಳುವ ಮನೆಯಿಂದ ಒಬ್ಬ ಕಿರಿಯ ಸಿಸ್ಟರ್ ಬರೆದಿದ್ದರು. ಸಾರಾಂಶ ಇಷ್ಟು. ಹಿರಿಯ ಸಿಸ್ಟರಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡ ಹೋಯಿತು, ಆಮೇಲೆ ಇಂಗ್ಲಿಷ್ ಹೋಯಿತು, ಈಗ ಹುಟ್ಟಿದೂರಿನ ಮಾತು ಮಾತ್ರ ಉಳಿದಿದೆ. ಆದರೆ ದಿನಾ ಬೆಳಿಗ್ಗೆ ಎದ್ದು ಬಟ್ಟೆಯ ಗಂಟು ಕಟ್ಟಿಕೊಂಡು ಗೇಟು ದಾಟಿ ರಸ್ತೆಗೆ ಹೋಗಿ ನಿಲ್ಲುತ್ತಾರೆ. ಎಲ್ಲಿಗೆ ಅಂದರೆ ಹರಿಹರ, ರೋಗಿಗಳು ಕಾಯುತ್ತಿದ್ದಾರೆ, ಡ್ಯೂಟಿ ಇದೆ ಅನ್ನುತ್ತಾರೆ. ಎರಡು ಸಲ ಬಿದ್ದಿದ್ದಾರೆ. ಅಲ್ಲಿ ಈಗ ಹಿಮ ಬೀಳುವ ಕಾಲ. ನಾವು ಯಾರು ಹೇಳಿದರೂ ನಂಬುವುದಿಲ್ಲ, ಹರಿಹರದಿಂದ ಕಾಗದ ಬಂದರೆ ನಂಬಬಹುದು, ದಯವಿಟ್ಟು ಬರೆಯಿರಿ. ಇಲ್ಲದಿದ್ದರೆ ಬೆಳಗಿನ ಹೊತ್ತು ಅವರನ್ನು ಕುರ್ಚಿಗೆ ಕಟ್ಟಿ ಕೂಡಿಸುವುದು ಬಿಟ್ಟು ನಮಗೆ ಬೇರೆ ದಾರಿಯಿಲ್ಲ.

“ಅಮ್ಮಾರ್ನ ಕಟ್ತಾರಂತೆ,” ಅಂದರು ಕಾಂಪೌಂಡರು. ದನಿ ಏರಲಿಲ್ಲ. ಕಾಗದವನ್ನು ಮಡಿಸಿ ಮೊದಲಿದ್ದ ಮಡಿಕೆಯಲ್ಲೇ ಕವರಿಗೆ ಸೇರಿಸಿದರು.

ಏನು ಬರೆಯಬೇಕು ಅಂತ ಅವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಇನ್ನೊಂದು ಜೇಬಿನಿಂದ ಒಂದು ಹಾಳೆ ತೆಗೆದರು. ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಇಂಥ ದಿನದ ಮಧ್ಯಾಹ್ನದ ಮೇಲಿಂದ ಸಿಸ್ಟರನ್ನು ಕರ್ತವ್ಯದಿಂದ ರಿಲೀವ್ ಮಾಡಲಾಗಿದೆ ಅಂತ ಎರಡು ಸಾಲು. ಈ ರಿಲೀವ್ ಅನ್ನುವುದನ್ನು ಸ್ಪ್ಯಾನಿಷಿಗೆ ಹಾಕಿಕೊಡಬೇಕು, ಉಳಿದಿದ್ದೇನೂ ದೊಡ್ಡದಲ್ಲ.

ನನಗೆ ನಿರಾಸೆಯಾಯಿತು. ಮೊದಲ ಭಾಷಾಂತರ, ಅದೂ ಸರ್ಕಾರಿ ಆರ್ಡರಿನ ಹಾಗೆ. “ಕಾಕಾ, ಅವರಿಗೆ ವಯಸ್ಸಾಗೈತೆ. ನೀವು ಆರಾಮಾಗಿ ಇರ್ರಿ, ಇಲ್ಲಿ ಎಲ್ಲ ಚಲೋ ಐತೆ ಅಂತ ಪ್ರೀತಿಯಿಂದ ಬರೆಯೋಣ,” ಅಂದೆ.

“ಆರಾಮಾಗಿರ್ರಿ ಅಂದ್ರೆ ಯಾರು ಇರ್ತಾರವ್ವ,” ಅಂದರು ಅವರು. ಆಮೇಲೆ ಒಂದು ಕಥೆ ಹೇಳಿದರು. ದವಾಖಾನೆಗೆ ಬರುವ ಮೊದಲು ಅವರು ಸ್ವಲ್ಪ ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಅಲ್ಲಿನ ಡಾಕ್ಟರಿಗೆ ವರ್ಗ ಆಯಿತು. ಜಾಗಕ್ಕೆ ಬರಬೇಕಾದವರು ಬರಲಿಲ್ಲ. ಈ ಡಾಕ್ಟರು ಸಾಮಾನು ಕಟ್ಟಿಸಿ, ಲಾರಿಗೆ ಹೇಳಿ, ಇಪ್ಪತ್ತು ದಿನ ಕಾದರು. ಹೆಂಡತಿ ಸುತ್ತಿಟ್ಟ ಹಾಸಿಗೆಯ ಮೇಲೇ ಕೂತು ಊಟ ಮಾಡುತ್ತಿದ್ದರಂತೆ, ಪಾತ್ರೆ ಪಕ್ಕದ ಮನೆಯವರದು. ಹೊಸಬರು ಬಂದು ಚಾರ್ಜ್ ತಗೊಂಡು ಕಾಗದಕ್ಕೆ ಸಹಿ ಹಾಕಿದ ದಿನ, ಆ ಡಾಕ್ಟರು ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋದರಂತೆ.

“ರಿಲೀವ್ ಆಗ್ದೆ ಹೋದ್ರೆ ಅದು ಓಡಿ ಹೋದಂಗೆ ಆಗ್ತೈತೆ. ಅಮ್ಮಾರು ಓಡಿ ಹೋಗೋರಲ್ಲ. ರಜಾ ಮ್ಯಾಲೆ ಹೋಗ್ಯಾರೆ, ರಜಾ ಮುಗುದೈತೆ, ಅದಕ್ಕೇ ದಿನಾ ಹೊಂಡ್ತಾರೆ. ಅವರ ಲೆಕ್ಕ ಸರಿ ಐತಲ್ಲ.”

ಅಂಗಡಿಯವರು ಜೆರಾಕ್ಸ್ ಮಷೀನಿನ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದರು. ತಮಾಷೆ ಮಾಡಲಿಲ್ಲ.

ಮುಂದಿನ ಭಾನುವಾರ ಡಿಕ್ಷನರಿ ತೆಗೆದುಕೊಂಡು ಹರಿಹರಕ್ಕೆ ಹೋದೆ. ದಾರಿಯಲ್ಲಿ ಬಾತಿ ಊರು ದಾಟುವವರೆಗೂ ಬಸ್ಸಿನಲ್ಲಿ ಪುಟ ತಿರುಗಿಸುತ್ತಲೇ ಇದ್ದೆ. ಬಿಡುವುದು, ಬಿಡಿಸುವುದು, ದೂರ ಹೋಗುವುದಕ್ಕೆ ಅಷ್ಟೊಂದು ಮಾತುಗಳಿರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕನ್ನು ಆರಿಸಿ ಪಟ್ಟಿ ಮಾಡಿಕೊಂಡಿದ್ದೆ, ಕಾಂಪೌಂಡರ ಮುಂದೆ ಪಾಂಡಿತ್ಯ ತೋರಿಸುವುದಕ್ಕೆ.

ದವಾಖಾನೆಯ ಒಳಗೆ ಒಂದು ಮೇಜು, ಮೇಜಿನ ಹಿಂದೆ ಬೆತ್ತದ ಒಂದು ಕುರ್ಚಿ. ಅದು ಖಾಲಿ ಇತ್ತು. ಕಾಂಪೌಂಡರು ಅದರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ರೋಗಿಗಳ ಚೀಟಿ ಬರೆಯುವಾಗ ಸ್ಟೂಲಿನಿಂದ ಮೇಜಿಗೆ ವಾಲಿಕೊಂಡು ಬರೆಯಬೇಕಾಗುತ್ತಿತ್ತು.

“ಕುರ್ಚಿಗೇನು ಹುಳ ಹತ್ತಿಲ್ಲ, ನಾನೇ ದಿನಾ ಒರೆಸ್ತೀನಿ,” ಅಂದಳು ಆಯಾ, ನಾನು ನೋಡುತ್ತಿದ್ದುದನ್ನು ನೋಡಿ. ಸೆರಗು ತಲೆಯ ಮೇಲೆ ಹೊದ್ದ, ಮಾತಿಗೆ ಯಾರನ್ನೂ ಬಿಡದ ಹೆಂಗಸು. “ಸಾಹೇಬ್ರಿಗೆ ಸೊಂಟ ನೋವು ಅಂತೆ. ದವಾಖಾನಿ ತುಂಬ ದವಾ ಐತೆ, ಕುಂದ್ರಾಕೆ ಕುರ್ಸಿ ಐತೆ. ಆದ್ರೂ ನೋವು ಬೇಕು ಇವರಿಗೆ.”

“ನೀ ಗಾಜು ತೊಳಿ ಹೋಗಮ್ಮ,” ಅಂದರು ಕಾಂಪೌಂಡರು.

ನಾನು ಪಟ್ಟಿ ಬಿಚ್ಚಿದೆ. ಮೊದಲನೆಯದು ಅಲೆಹಾರ್ಸೆ. ಒಂದು ಜಾಗದಿಂದ ತಾನಾಗಿಯೇ ದೂರ ಹೋಗುವುದು.

“ದೂರ ಹೋಗೋ ಮನ್ಸು ಅವರಿಗೆಲ್ಲೈತೆ? ಬ್ಯಾಡ.”

ಎರಡನೆಯದು ಸೆಪರಾರ್. ಬೇರೆ ಮಾಡುವುದು, ಹಾಲಿನಿಂದ ಕೆನೆ ತೆಗೆದ ಹಾಗೆ, ಗಂಡ-ಹೆಂಡತಿ ಬೇರೆಯಾದ ಹಾಗೆ. ಅವರು ತಲೆ ಅಲ್ಲಾಡಿಸಿದರು. “ಅಣ್ಣತಮ್ಮರು ಪಾಲಾದಂಗೆ ಆಗ್ತೈತೆ. ಅದೂ ಬ್ಯಾಡ.”

ಮೂರನೆಯದು ಅಪಾರ್ತಾರ್. ಪಕ್ಕಕ್ಕೆ ಸರಿಸುವುದು.

“ಅಮ್ಮಾರ್ನ ಪಕ್ಕಕ್ಕೆ ಸರಿಸೋನು ನಾ ಯಾವೋನು?”

ನಾಲ್ಕನೆಯದು ರೆಲೆಬಾರ್. ಡಿಕ್ಷನರಿಯಲ್ಲಿ ಕೊಟ್ಟ ಉದಾಹರಣೆ ಕಾವಲುಗಾರರದು. ಒಬ್ಬ ನಿಂತಿರುತ್ತಾನೆ, ಇನ್ನೊಬ್ಬ ಬಂದು ಅವನ ಜಾಗದಲ್ಲಿ ನಿಲ್ಲುತ್ತಾನೆ, ಆಗ ಮೊದಲನೆಯವನು ಹೋಗಬಹುದು. ಎರಡನೆಯವನು ಬರದೆ ಈ ಕ್ರಿಯೆ ಆಗುವುದೇ ಇಲ್ಲ. ಇದನ್ನು ನಾನು ದೊಡ್ಡ ಸಂಶೋಧನೆಯ ಹಾಗೆ ವಿವರಿಸಿದೆ. ಕಾಂಪೌಂಡರು, “ಇದೇ. ಇದನ್ನೇ ಹಾಕವ್ವ,” ಅಂದರು.

ಹಾಕಿದೆ. ಎರಡು ಸಾಲಿನ ಆರ್ಡರು, ಮೇಲೆ ದಿನಾಂಕ, ಮಧ್ಯಾಹ್ನದ ಮೇಲೆ ಅನ್ನುವ ಮಾತು. ಆ ಮಾತು ಬೇಕೇ ಬೇಕು ಅಂದರು. ಕೆಳಗೆ ಅವರು ಸಹಿ ಹಾಕಿದರು. ಇಪ್ಪತ್ತಾರು ವರ್ಷದಿಂದ ಔಷಧಿ ತರಿಸುವ ಕಾಗದಕ್ಕೆ, ಚೀಟಿಗೆ, ರಸೀದಿಗೆ ಹಾಕುತ್ತಾ ಬಂದ ಹಾಗೆಯೇ ಹಾಕಿದರು. ಮೊದಲು ‘ಇನ್‌ಚಾರ್ಜ್ ಸಿಸ್ಟರ್ ಪರವಾಗಿ’ ಅಂತ ಬರೆದು, ಅದರ ಕೆಳಗೆ ಸಣ್ಣದಾಗಿ ತಮ್ಮ ಹೆಸರು. ನಾನು ಆ ‘ಪರವಾಗಿ’ಯನ್ನೂ ಶ್ರದ್ಧೆಯಿಂದ ಸ್ಪ್ಯಾನಿಷಿಗೆ ಹಾಕಿ, ದವಾಖಾನೆಯ ಸೀಲು ಒತ್ತುವಾಗ ಹೆಮ್ಮೆಯಿಂದ ನೋಡಿದೆ. ಆಯಾ ಖಾರ ಮಂಡಕ್ಕಿ ಕೊಟ್ಟಳು. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಉತ್ತರ ಬರುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಒಂದು ದಿನ ಜೆರಾಕ್ಸ್ ಅಂಗಡಿಗೆ ಹರಿಹರದಿಂದ ಫೋನು ಬಂತು. ಭಾನುವಾರ ಬರಬೇಕಂತೆ ಅಂತ ಅಂಗಡಿಯವರು ಹೇಳಿದರು.

ಈ ಸಲವೂ ಕಾಗದ ಇಂಗ್ಲಿಷಿನಲ್ಲಿತ್ತು, ಕಾಂಪೌಂಡರು ಆಗಲೇ ಓದಿದ್ದರು. ನನ್ನ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಕಿರಿಯ ಸಿಸ್ಟರ್ ಬರೆದಿದ್ದರು... ಆರ್ಡರನ್ನು ಗಟ್ಟಿಯಾಗಿ ಓದಿ ಹೇಳಿದೆವು. ಹಿರಿಯರು ಬಹಳ ಗಮನ ಕೊಟ್ಟು ಕೇಳಿದರು. ಮುಖದಲ್ಲಿ ಒಂದು ಸಮಾಧಾನ ಬಂತು ಅಂದುಕೊಂಡೆವು. ಆಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು ಸಹಿಯ ಜಾಗಕ್ಕೆ ಬೆರಳಿಟ್ಟರು. ‘ಇದು ನನ್ನ ಪರವಾಗಿ ಬರೆದದ್ದು. ನನ್ನನ್ನು ನಾನೇ ಹೇಗೆ ಕಳಿಸಿಕೊಡಲಿ? ಚಾರ್ಜ್ ತೆಗೆದುಕೊಂಡವರು ಯಾರು?’ ಅಂತ ಕೇಳಿದರು. ಮರುದಿನ ಮತ್ತೆ ಗಂಟು ಕಟ್ಟಿದರು. ಮೂರನೇ ಸಲ ಬಿದ್ದರು. ಈಗ ಬೆಳಿಗ್ಗೆ ಎರಡು ತಾಸು ಮೆತ್ತನೆಯ ಬಟ್ಟೆಯಿಂದ ಕಟ್ಟಿ ಕೂಡಿಸುತ್ತಿದ್ದೇವೆ. ಕ್ಷಮಿಸಿ.

ಓದಿ ಮುಗಿಸಿ ನಾನು, “ಪರವಾಗಿ ಅನ್ನೋದನ್ನ ತೆಗೆದು ಇನ್ನೊಂದು ಕಳಿಸೋಣ ಕಾಕಾ, ಅಷ್ಟೇ ಅಲ್ವಾ,” ಅಂದೆ.

ಅವರು ಒಳಗಿನ ಕೋಣೆಗೆ ಹೋಗಿ ಬಾಟಲಿಗಳನ್ನು ಸರಿಯಾಗಿದ್ದ ಸಾಲಿನಿಂದ ಇನ್ನೊಂದು ಸಾಲಿಗೆ ಜೋಡಿಸತೊಡಗಿದರು.

ಆಯಾ ನನ್ನ ಹತ್ತಿರ ಬಂದು ಕೂತಳು. “ಅಷ್ಟೇ ಅಲ್ಲ ಬೇಟಿ. ದವಾಖಾನಿ ಕಮಿಟಿಯೋರು ಎರಡು ಸಲ ಬಂದು ಹೇಳ್ಯಾರೆ, ಚಾರ್ಜ್ ನೀವೇ ತಗೊಳ್ರಿ, ಇನ್‌ಚಾರ್ಜ್ ಅಂತ ಬೋರ್ಡ್ ಹಾಕ್ತೀವಿ ಅಂತ. ಆಗಲ್ಲ ಅಂದ್ರು. ಅಮ್ಮಾರು ಬರ್ತಾರೆ ಅಂದ್ರು. ನಾಕು ವರ್ಷ ಆತು, ಹಿಂಗೇ ಪರವಾಗಿ ಪರವಾಗಿ ಅಂತ ನಡ್ಸ್ಯಾರೆ.” ದನಿ ತಗ್ಗಿಸದೆ ಒಳಗೆ ಕೇಳುವ ಹಾಗೆಯೇ ಹೇಳಿದಳು. “ಅಲ್ಲಿ ಆಯಮ್ಮನ್ನ ಬಟ್ಟೆಯಿಂದ ಕಟ್ಯಾರೆ. ಇಲ್ಲಿ ಇವರು ಸ್ಟೂಲಿಗೆ ಕಟ್ಕೊಂಡಾರೆ. ಇಬ್ಬರ್ನೂ ಬಿಚ್ಚೋದು ಒಂದು ಸೈನು. ನನಗೆ ಓದು ಬರಲ್ಲ, ಇಲ್ಲಾಂದ್ರೆ ನಾನೇ ಹಾಕ್ತಿದ್ದೆ.”

ಒಳಗೆ ಬಾಟಲಿಯ ಸದ್ದು ನಿಂತಿತು.

ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬಂದರು. ಬೀರುವಿನ ಮೇಲಿಂದ ಒಂದು ಉದ್ದನೆಯ ಪುಸ್ತಕ ಇಳಿಸಿದರು, ದವಾಖಾನೆಯ ಸಾಮಾನಿನ ಪಟ್ಟಿ. “ನೋಡ್ದೆ ಮಾಡ್ದೆ ಚಾರ್ಜ್ ತಗೊಂಡೆ ಅಂತ ಬರೆಯಾಕೆ ಆಗಲ್ಲ. ಒಂದೊಂದೂ ನೋಡಬೇಕು. ನೀ ಓದವ್ವ, ನಾ ನೋಡ್ತೀನಿ.”

ಆ ಮಧ್ಯಾಹ್ನವೆಲ್ಲ ನಾನು ಓದುತ್ತಾ ಹೋದೆ. ಮಕ್ಕಳನ್ನು ತೂಗುವ ತಕ್ಕಡಿ. ಎನಾಮೆಲ್ ಬೇಸಿನ್ನು, ಅಂಚು ಒಡೆದದ್ದು. ಗಾಜಿನ ಸಿರಿಂಜು. ಹೆರಿಗೆಯ ಮಂಚ. ಅವರು ಒಂದೊಂದರ ಹತ್ತಿರ ಹೋಗಿ ಮುಟ್ಟಿ ‘ಐತೆ’ ಅನ್ನುತ್ತಿದ್ದರು. ಸಿರಿಂಜಿನ ಪೆಟ್ಟಿಗೆಯ ಹತ್ತಿರ, “ಇದರಾಗೆ ಒಂದು ನಾ ಒಡೆದಿದ್ದೆ, ಬಂದ ಮೊದಲ್ನೇ ವಾರ. ಅಮ್ಮಾರು ಬೈಲಿಲ್ಲ. ಪಟ್ಟಿಯಾಗೆ ಬರಿ ಅಂದ್ರು,” ಅಂದರು. ಪಟ್ಟಿಯಲ್ಲಿ ನೋಡಿದೆ, ಇತ್ತು. ಒಂದು ಒಡೆದಿದೆ ಅಂತ, ವಿದೇಶಿಯರು ಕನ್ನಡ ಬರೆಯುವ ಹಾಗೆ ಬಿಡಿಬಿಡಿಯಾದ ದೊಡ್ಡ ಅಕ್ಷರದಲ್ಲಿ.

ಕೊನೆಯದು ಔಷಧಿ ಬೀರುವಿನ ಬೀಗದ ಕೈ. ಅದು ಅಲ್ಲಿರಲಿಲ್ಲ. ಸಿಸ್ಟರ್ ರಜೆಗೆ ಹೋಗುವಾಗ ಸೊಂಟದಲ್ಲೇ ಇಟ್ಟುಕೊಂಡು ಹೋಗಿದ್ದರು. ಮಾರನೇ ವಾರವೇ ಕಾಂಪೌಂಡರು ಬೀಗ ಒಡೆಸಿ ಬೇರೆ ಹಾಕಿಸಿದ್ದರು.

“ಕೀ ಕೊಡದೆ ಚಾರ್ಜ್ ಪೂರ್ತಿ ಆಗಲ್ಲ,” ಅಂದರು. ಸ್ವಲ್ಪ ಯೋಚಿಸಿ, “ಕೀ ಬಂದು ಮುಟ್ಟಿದೆ ಅಂತ ಬರಿ,” ಅಂದರು.

“ಮುಟ್ಟಿಲ್ಲಲ್ಲ ಕಾಕಾ.”

“ನಾ ಸೈನ್ ಹಾಕೋನು. ಮುಟ್ಟೈತೆ ಅಂದ್ರೆ ಮುಟ್ಟೈತೆ. ಬರಿ.”

ಇಪ್ಪತ್ತಾರು ವರ್ಷದಲ್ಲಿ ಅವರು ಪಟ್ಟಿಯಲ್ಲಿ ಬರೆಸಿದ ಸುಳ್ಳು ಬಹುಶಃ ಅದೊಂದೇ ಇರಬೇಕು.

ಹೊಸ ಕಾಗದಕ್ಕೆ ಎರಡು ಸಹಿಯ ಜಾಗ ಬಿಟ್ಟೆವು. ಎಡಗಡೆ ಚಾರ್ಜ್ ಕೊಟ್ಟವರು, ಬಲಗಡೆ ಚಾರ್ಜ್ ತೆಗೆದುಕೊಂಡವರು. ರೆಲೆಬಾರ್ ಅದೇ ಉಳಿಯಿತು, ಈಗ ಅದರ ಜೊತೆಗೆ ಬಂದು ನಿಂತವರ ಹೆಸರೂ ಸೇರಿತು. ಕಾಂಪೌಂಡರು ಪೆನ್ನಿನ ಮುಚ್ಚಳ ತೆಗೆದು ಸ್ಟೂಲಿನಿಂದ ವಾಲಿದರು. ಕೈ ತಾನಾಗಿಯೇ ಮತ್ತೆ ಅದೇ ‘ಪರವಾಗಿ’ಯ ಜಾಗಕ್ಕೆ ಹೋಯಿತು. ಪೆನ್ನು ಎತ್ತಿದರು. ಆಯಾ ಕುರ್ಚಿಯನ್ನು ಸೆರಗಿನಿಂದ ಒಂದು ಸಲ ಒರೆಸಿ, ಹಿಂದಕ್ಕೆಳೆದು ನಿಂತುಕೊಂಡಳು. ಅವರು ಎದ್ದು ಬಂದು ಕುರ್ಚಿಯಲ್ಲಿ ಕೂತರು, ತುದಿಯಲ್ಲಿ. ತಮ್ಮ ಪೂರ್ತಿ ಹೆಸರು ಬರೆದರು. ಮೇಲೆ ಯಾರ ಪರವಾಗಿ ಅನ್ನುವುದೂ ಇರಲಿಲ್ಲ. ಅಷ್ಟು ದೊಡ್ಡ ಅಕ್ಷರ ಅವರಿಗೆ ರೂಢಿಯಿಲ್ಲದ್ದರಿಂದ ಹೆಸರು ಗೆರೆ ದಾಟಿ ಹೋಯಿತು.

ಅದನ್ನು ಕಳಿಸಿದೆವು. ಆಮೇಲೆ ನನಗೆ ಪರೀಕ್ಷೆ ಬಂತು.

ಮೂರನೇ ಕಾಗದ ಬಂದದ್ದು ಬೇಸಿಗೆಯಲ್ಲಿ. ಹರಿಹರದಲ್ಲಿ ಹೊಳೆ ಸೊರಗಿ ಕಲ್ಲುಗಳೆಲ್ಲ ಕಾಣುತ್ತಿದ್ದವು. ದವಾಖಾನೆಗೆ ಹೋದಾಗ ಅವರು ಕುರ್ಚಿಯಲ್ಲಿ ಕೂತು ಒಂದು ಮಗುವಿನ ಕಿವಿ ನೋಡುತ್ತಿದ್ದರು. ಈಗ ತುದಿಯಲ್ಲಲ್ಲ, ಬೆನ್ನು ಆನಿಸಿ ಕೂತಿದ್ದರು. ಮಗು ಹೋದ ಮೇಲೆ ಡ್ರಾಯರಿನಿಂದ ಲಕೋಟೆ ತೆಗೆದು ಕೊಟ್ಟರು.

“ಈ ಸಲ ಅವರ ಭಾಷೆಯಾಗೇ ಬರ್ದಾರೆ. ಇಲ್ಲಿ ಒಬ್ಬಾಕಿ ಬಲ್ಲೋಳು ಅದಾಳೆ ಅಂತ ಗೊತ್ತಾಗೈತಲ್ಲ. ಓದು.”

ಕಿರಿಯ ಸಿಸ್ಟರ್ ಸ್ಪ್ಯಾನಿಷಿನಲ್ಲಿ ಒಂದು ಪುಟ ಬರೆದಿದ್ದರು. ಜೊತೆಗೆ ನಮ್ಮ ಕಾಗದ ವಾಪಸ್ ಬಂದಿತ್ತು. ಎಡಗಡೆಯ ಜಾಗದಲ್ಲಿ ನಡುಗುವ ಕೈಯ ಒಂದು ಸಹಿ, ದಿನಾಂಕ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಹಿರಿಯರು ಬಲಗಡೆಯ ಸಹಿ ನೋಡಿದರು. ಪೆನ್ನು ಕೇಳಿದರು. ಸಹಿ ಹಾಕಿ, ಗಂಟು ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿಟ್ಟರು. ಮರುದಿನ ಬಿಸಿಲು ಏರುವವರೆಗೂ ಮಲಗಿದ್ದರು. ಅಂದಿನಿಂದ ಗೇಟಿನ ಕಡೆ ಹೋಗಿಲ್ಲ. ಕಟ್ಟುವ ಬಟ್ಟೆಯನ್ನು ನಾವು ತೆಗೆದುಹಾಕಿದ್ದೇವೆ.

“ತೆಗ್ದಾರೆ?”

“ತೆಗ್ದಾರೆ ಕಾಕಾ.”

ಅವರು ಮೇಜಿನ ಮೇಲೆ ಎರಡೂ ಅಂಗೈ ಇಟ್ಟರು.

ಇನ್ನೂ ನಾಲ್ಕು ಸಾಲು ಉಳಿದಿತ್ತು. ಈಗ ಹರಿಹರ ಅಂದರೆ, ಅದನ್ನು ಒಪ್ಪಿಸಿ ಆಗಿದೆ ಅನ್ನುತ್ತಾರೆ, ಅಂತ ಬರೆದಿದ್ದರು. ಅದನ್ನು ಓದಿದೆ. ಅದರ ಮುಂದಿನ ವಾಕ್ಯದಲ್ಲಿ ಕಾಂಪೌಂಡರ ಹೆಸರಿತ್ತು. ‘ನಾವು ಅವರ ಹೆಸರು ಹೇಳಿದರೆ, ಅದು ಯಾರು ಅಂತ ಕೇಳುತ್ತಾರೆ. ಮೊದಲು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಹೆಸರು, ಈಗ ಪೂರ್ತಿ ಹೋಗಿದೆ.’ ನಾನು ಅದನ್ನು ಮನಸ್ಸಿನಲ್ಲಿ ಓದಿಕೊಂಡು, ಬಿಟ್ಟು, ಕೊನೆಯ ವಂದನೆಗೆ ಹೋದೆ.

ಆದರೆ ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿತ್ತಲ್ಲ. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. “ಇಲ್ಲಿ ನನ್ನ ಹೆಸರೈತೆ. ಏನಂತ?”

“ನಿಮಗೆ ಥ್ಯಾಂಕ್ಸ್ ಹೇಳ್ಯಾರೆ ಕಾಕಾ. ಅಮ್ಮಾರು.”

“ಇಷ್ಟುದ್ದ ಥ್ಯಾಂಕ್ಸೇನವ್ವ?”

“ಸ್ಪ್ಯಾನಿಷಿನಾಗೆ ಉದ್ದ ಆಗ್ತೈತೆ ರೀ.”

ಅವರು ನನ್ನ ಮುಖ ನೋಡಿದರು. ಮೊದಲ ದಿನ ಬೆಂಚಿನ ಮೇಲೆ ಕೂತು ನೋಡಿದಷ್ಟೇ ಹೊತ್ತು. ಆಮೇಲೆ ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. ನಾನು ಉತ್ಸಾಹದಿಂದ, “ಉತ್ತರ ಬರೆಯೋಣ್ವಾ? ಈಗ ದೊಡ್ಡದಾಗೇ ಬರಿಬೋದು,” ಅಂದೆ.

“ಬ್ಯಾಡವ್ವ. ರಿಲೀವ್ ಆದೋರಿಗೆ ಆಫೀಸಿನ ಕಾಗದ ಕಳಿಸಬಾರ್ದು.”

ಅಷ್ಟು ಹೇಳಿ ಹೊರಗೆ ಕಾಯುತ್ತಿದ್ದ ಮುದುಕಿಯನ್ನು ಒಳಗೆ ಕರೆದರು.

ನಾನು ಆಮೇಲೆ ಒಂದೋ ಎರಡೋ ಸಲ ಹೋಗಿರಬೇಕು... ಸರಿಯಾಗಿ ನೆನಪಿಲ್ಲ. ಡಿಗ್ರಿ ಮುಗಿಯಿತು, ಬೇರೆ ಬೇರೆ ಕೆಲಸ ಹಚ್ಚಿಕೊಂಡೆ. ಜೆರಾಕ್ಸ್ ಅಂಗಡಿಯವರು ಒಂದು ದಿನ ಮಾತಿನ ನಡುವೆ, ನಿಮ್ಮ ಹರಿಹರದ ಪಾರ್ಟಿ ಹೋಗಿಬಿಟ್ಟರಂತಲ್ಲ, ಐದು ತಿಂಗಳಾಯಿತಂತೆ, ಅಂದರು. ಅದಾದ ಮೇಲೆ ಯಾವಾಗಲೋ ಆ ರಸ್ತೆಯಲ್ಲಿ ಹೋದಾಗ ದವಾಖಾನೆಯ ಬಾಗಿಲು ಹಾಕಿತ್ತು. ಆಯಾ ಎಲ್ಲಿದ್ದಾಳೆ ಅಂತ ಪಕ್ಕದವರಿಗೆ ಗೊತ್ತಿರಲಿಲ್ಲ. ಸ್ಪೇನಿಗೆ ಯಾರಾದರೂ ತಿಳಿಸಿದರೋ ಇಲ್ಲವೋ ಗೊತ್ತಿಲ್ಲ. ತಿಳಿಸಿದ್ದರೂ, ಅದು ಯಾರು ಅಂತ ಅಲ್ಲಿ ಕೇಳುತ್ತಿದ್ದರು.

ಮೊನ್ನೆ ಅಂಗಡಿಯವರು ಒಡೆದ ಗಾಜು ಗುಡಿಸಿ, ನೀರು ಹಾಕಿ ತೊಳೆದ ಮೇಲೂ ಆ ವಾಸನೆ ಹೋಗಿರಲಿಲ್ಲ. ನನಗೆ ಬೇಕಾದ ಮಾತ್ರೆ ತೆಗೆದುಕೊಂಡು ಮನೆಗೆ ಬಂದೆ. ಆ ಸಾಲನ್ನು ಓದಿ ಹೇಳಬೇಕಿತ್ತೋ ಏನೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ. ಅದು ಅವರಿಗೆ ಬಂದ ಕಾಗದ, ಅವರ ಹೆಸರಿದ್ದ ಸಾಲು. ಆಗ ನನಗೆ ಹತ್ತೊಂಬತ್ತು. ಸ್ಪ್ಯಾನಿಷ್ ಬರುತ್ತದೆ ಅಂತ ಚೀಟಿ ಅಂಟಿಸಿದವಳು ನಾನೇ. ಅವರು ಇದ್ದಾಗ ಒಂದು ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು, ಹೋಗಲಿಲ್ಲ.

ನಿಮ್ಮಲ್ಲೂ ಯಾರಾದರೂ ಓದು ಬಾರದ ಅಜ್ಜಿಗೋ, ಇಂಗ್ಲಿಷ್ ಬಾರದ ಅಪ್ಪನಿಗೋ, ಪಕ್ಕದ ಮನೆಯವರಿಗೋ ಕಾಗದ ಓದಿ ಹೇಳಿರುತ್ತೀರಿ. ಆಗ ಒಂದು ಸಾಲು ಬಿಟ್ಟಿದ್ದರೆ, ಅದು ಯಾವ ಸಾಲು, ಯಾಕೆ ಬಿಟ್ಟಿರಿ, ಆಮೇಲೆ ಏನಾಯಿತು ಅಂತ ಕೆಳಗೆ ಬರೆಯಿರಿ. ಎಷ್ಟು ಉದ್ದ ಬರೆದರೂ ಸರಿ. ಒಂದು ಸಾಲೂ ಬಿಡದೆ ಓದುತ್ತೇನೆ.